ಫೋಟೋ ಅಪ್ಪ

ನನ್ನ ಅತ್ತೆ ಹೊಸಬರಿಗೆ ನನ್ನನ್ನು ಪರಿಚಯಿಸುವಾಗ, "ಇವರು ನನ್ನ ಅಳಿಯ ಅಲ್ಲ, ಮಗಳ ಗಂಡ" ಎನ್ನುತ್ತಾರೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಮದುವೆಯಾದ ಹೊಸದರಲ್ಲಿ ಆ ಮಾತಿಗೆ ಸಣ್ಣದೊಂದು ಮುಳ್ಳಿತ್ತು. ಲಿಫ್ಟ್ ರಿಪೇರಿ ಮಾಡುವವನಿಗೆ ಮಗಳನ್ನು ಕೊಡಲು ಅವರಿಗೆ ಪೂರ್ತಿ ಮನಸ್ಸಿರಲಿಲ್ಲ. "ಮೇಲೆ ಹೋಗ್ತಾನೆ, ಕೆಳಗೆ ಬರ್ತಾನೆ, ಮುಂದೆ ಮಾತ್ರ ಹೋಗಲ್ಲ" ಎಂದು ನನ್ನವಳ ಹತ್ತಿರ ಹೇಳಿದ್ದರಂತೆ. ಕಾಲ ಕಳೆದಂತೆ ಮುಳ್ಳು ಸವೆಯಿತು, ಮಾತು ಉಳಿಯಿತು. ಮಣಿಕಟ್ಟು ಮುರಿದುಕೊಂಡು ನಮ್ಮ ಮನೆಗೆ ಬಂದವರು ಮೂಳೆ ಕೂಡಿದ ಮೇಲೂ ವಾಪಸು ಹೋಗಲಿಲ್ಲ. ಹೋಗಿ ಎಂದು ನಾವೂ ಹೇಳಲಿಲ್ಲ.

ಬರುವಾಗ ಬಟ್ಟೆಯ ಪೆಟ್ಟಿಗೆ, ಒಂದು ರೇಡಿಯೋ ಮತ್ತು ಹಳೆಯ ಟವೆಲ್ಲಿನಲ್ಲಿ ಸುತ್ತಿದ ಎರಡು ಫೋಟೋ ತಂದಿದ್ದರು. ಫೋಟೋಗಳನ್ನು ಅವರ ಕೋಣೆಯ ಗೋಡೆಗೆ ಹಾಕಿಕೊಟ್ಟವನು ನಾನೇ. ಒಂದರಲ್ಲಿ ದಪ್ಪ ಮೀಸೆಯ, ದೊಡ್ಡ ಹೊಟ್ಟೆಯ ಮನುಷ್ಯರೊಬ್ಬರು ಗಡಿಯಾರ ರಿಪೇರಿ ಅಂಗಡಿಯ ಮುಂದೆ ನಿಂತು ಹಲ್ಲೆಲ್ಲ ಬಿಟ್ಟು ನಗುತ್ತಿದ್ದರು. ಅವರು ಅತ್ತೆಯನ್ನು ಸಾಕಿ ಬೆಳೆಸಿದ ಅಪ್ಪ. ಇನ್ನೊಂದರಲ್ಲಿ ಸಮವಸ್ತ್ರ ತೊಟ್ಟ ತರುಣ. ಟೋಪಿ ಒಂದು ಕಡೆಗೆ ಓರೆ, ದವಡೆ ಬಿಗಿ, ಕಣ್ಣು ನೇರವಾಗಿ ನಮ್ಮ ಮೇಲೆ. ಇವರು ಹೆತ್ತ ಅಪ್ಪ. ಅತ್ತೆ ಹುಟ್ಟಿದಾಗ ಅವರು ಯುದ್ಧಕ್ಕೆ ಹೋಗಿದ್ದರು. ಮಗುವಿನ ಮುಖ ನೋಡದೆಯೇ ತೀರಿಕೊಂಡರು.

ಚಿಕ್ಕಂದಿನಲ್ಲಿ ಅತ್ತೆ ಅವರನ್ನು 'ಫೋಟೋ ಅಪ್ಪ' ಎನ್ನುತ್ತಿದ್ದರಂತೆ. "ಹಾಲು ಕುಡೀದಿದ್ರೆ ಫೋಟೋ ಅಪ್ಪ ನೋಡ್ತಾರೆ ಅಂತ ಅಮ್ಮ ಹೆದರಿಸೋಳು. ಅವರ ಕಡೆ ಬೆನ್ನು ಹಾಕಿ ಕೂತು ಊಟ ಮಾಡ್ತಿದ್ದೆ. ಏನು ತಪ್ಪು ಮಾಡಿದ್ನೋ, ಅಷ್ಟು ಕೋಪ" ಎಂದು ಮೊಳೆ ಹೊಡೆಯುತ್ತಿದ್ದ ನನಗೆ ಹೇಳಿದರು. ಅದಕ್ಕಿಂತ ಹೆಚ್ಚಿಗೆ ಅವರಿಗೇ ಗೊತ್ತಿರಲಿಲ್ಲ. ಎರಡನೆಯ ಗಂಡನಿಗೆ ನೋವಾದೀತೆಂದು ಅವರ ಅಮ್ಮ ಆ ಮಾತು ಎತ್ತುತ್ತಿರಲಿಲ್ಲ. ಹೆಂಡತಿಗೆ ನೋವಾದೀತೆಂದು ಗಡಿಯಾರದ ಅಪ್ಪನೂ ಎತ್ತುತ್ತಿರಲಿಲ್ಲ. ಆದರೆ ವಾರಕ್ಕೊಮ್ಮೆ ಕುರ್ಚಿ ಹತ್ತಿ ಆ ಫೋಟೋದ ಧೂಳು ಒರೆಸುತ್ತಿದ್ದವರು ಅವರೇ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ.

ಅತ್ತೆ ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಆಪರೇಟರ್ ಆಗಿ. ಒಬ್ಬರ ತಂತಿ ತೆಗೆದು ಇನ್ನೊಬ್ಬರಿಗೆ ಸಿಕ್ಕಿಸುವ ಕಾಲದವರು. 'ಹಲೋ' ಎನ್ನುವುದರಲ್ಲೇ ಸಾಲ ಕೇಳುವವರು ಯಾರು, ಸುಳ್ಳು ಹೇಳುವವರು ಯಾರು ಎಂದು ಹೇಳಬಲ್ಲರು. ತುಂಬ ಅಚ್ಚುಕಟ್ಟು. ಎದ್ದ ತಕ್ಷಣ ತಲೆ ಬಾಚಿ, ಕೂದಲನ್ನು ಎಡಗಡೆಗೆ ಇಳಿಬಿಟ್ಟು ಕಿವಿ ಮುಚ್ಚುವಂತೆ ಪಿನ್ನು ಚುಚ್ಚಿಕೊಳ್ಳದೆ ಕೋಣೆಯಿಂದ ಹೊರಗೆ ಬರುವವರಲ್ಲ. ಅದೊಂದು ಹಳೆಯ ಶೈಲಿ ಎಂದೇ ನಾನು ತಿಳಿದಿದ್ದೆ.

ಇದೆಲ್ಲ ಶುರುವಾದದ್ದು ಆಸ್ಪತ್ರೆಯಲ್ಲಿ. ಅತ್ತೆಗೆ ಆಗಾಗ ಎದೆ ಹೊಡೆದುಕೊಳ್ಳುತ್ತಿತ್ತು. ತೋರಿಸಲು ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು ಕಂಪ್ಯೂಟರ್ ನೋಡಿಕೊಂಡೇ ಕೇಳಿದರು: "ನಿಮ್ಮ ತಂದೆಯವರಿಗೆ ಹೃದಯದ ತೊಂದರೆ ಇತ್ತಾ?"

"ಯಾವ ತಂದೆ?"

ಡಾಕ್ಟರು ತಲೆಯೆತ್ತಿದರು. "ಹೆತ್ತವರು."

"ಅವರು ಹೃದಯ ಕೆಡೋವಷ್ಟು ದಿನ ಬದುಕಲಿಲ್ಲಮ್ಮ. ಯುದ್ಧದಲ್ಲಿ ಹೋದ್ರು."

"ಗುಂಡು ತಾಗಿತ್ತಾ?"

"ಅಂತ ಕಾಣುತ್ತೆ" ಎಂದರು ಅತ್ತೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಸೀಟಿಗಾಗಿ ಜಗಳ ಮಾಡಲಿಲ್ಲ, ಡ್ರೈವರನ್ನು ಬೈಯಲಿಲ್ಲ. ನನಗೆ ಭಯವಾಯಿತು. ನಮ್ಮ ಸ್ಟಾಪು ಹತ್ತಿರ ಬಂದಾಗ ಹೇಳಿದರು: "ಎಂಬತ್ತು ದಾಟಿದ ಹೆಂಗಸು ನಾನು. ನಿಮ್ಮಪ್ಪ ಹೇಗೆ ಸತ್ರು ಅಂದ್ರೆ 'ಅಂತ ಕಾಣುತ್ತೆ' ಅಂದೆನಲ್ಲ. ಊರವರ ಲೈನೆಲ್ಲ ಜೋಡಿಸಿಕೊಟ್ಟೆ. ನಮ್ಮಪ್ಪನ ಲೈನು ಮಾತ್ರ ಸಿಗಲೇ ಇಲ್ಲ."

"ಹುಡುಕೋಣ ಅತ್ತೆ" ಎಂದೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ. ಎಲ್ಲಿ, ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಸೈನಿಕರ ದಾಖಲೆ ಕಚೇರಿ ಎಂಬುದೊಂದು ಇದೆಯೆಂದು ಹೆಂಡತಿ ಪತ್ತೆ ಮಾಡಿದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಹೆಸರು, ಊರು, ಹೆಂಡತಿಯ ಹೆಸರು ಎಲ್ಲ ಬರೆದು ಕಳಿಸಿದೆವು. ಎಷ್ಟೋ ದಿನ ಸದ್ದಿಲ್ಲ. ಆಮೇಲೆ ಬಂದು ಕಾಣಿ ಎಂದರು. ರಜೆ ಹಾಕಿ ಹೋದೆ. ಉದ್ದನೆಯ ಹಜಾರ, ನೆಲಕ್ಕೆ ಆಗಷ್ಟೇ ಫಿನಾಯಿಲ್ ಹಾಕಿ ಒರೆಸಿದ್ದರು. ಗುಮಾಸ್ತೆ ನೆಗಡಿಯಿಂದ ಮೂಗು ಕೆಂಪಗಾಗಿಸಿಕೊಂಡು, ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಕುಡಿಯುತ್ತ ಕುಳಿತಿದ್ದರು. ಹೆಚ್ಚೇನೂ ಸಿಕ್ಕಿಲ್ಲ ಎಂದು ಮೊದಲೇ ಹೇಳಿದರು. ಬಡಗಿ. ಸೇತುವೆ ಕಟ್ಟುವ ದಳದಲ್ಲಿದ್ದವರು. ಒಂದು ಶಾಲೆಯ ಕಟ್ಟಡದಲ್ಲಿ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾರಣ, ಜ್ವರ.

"ಗುಂಡೇಟಲ್ವಾ?" ಎಂದೆ.

"ಇಲ್ಲ. ಬರೋರೆಲ್ಲ ಗುಂಡು ಹುಡುಕಿಕೊಂಡೇ ಬರ್ತಾರೆ" ಎಂದು ಮೂಗು ಒರೆಸಿಕೊಂಡರು. "ಜ್ವರ, ಭೇದಿ, ಕೊಳೆತ ಗಾಯ. ಇವಕ್ಕೆ ಹೋದವರೇ ಜಾಸ್ತಿ. ಮನೆಯವರಿಗೆ ಬೇಜಾರಾಗುತ್ತೆ. ನೀವು ಕೂತ್ಕೊಳ್ಳಿ, ನೀರು ಬೇಕಾ?"

ಮನೆಗೆ ಬಂದು ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ರೀ, ಅಮ್ಮನಿಗೆ ಈಗಲೇ ಹೇಳಬೇಡಿ. ಚಿಕ್ಕವಳಿದ್ದಾಗ ಶಾಲೇಲಿ ಅವಳನ್ನ ಎದ್ದು ನಿಲ್ಲಿಸಿ, ಇವಳ ಅಪ್ಪ ವೀರ ಅಂತ ಚಪ್ಪಾಳೆ ತಟ್ಟಿಸಿದ್ರಂತೆ. ಅದೊಂದನ್ನ ಇಟ್ಕೊಂಡು ಬೆಳೆದಿದ್ದಾಳೆ. ಜ್ವರ ಬಂದು ಹೋದ್ರು ಅಂತ ಹೇಗೆ ಹೇಳೋದು?"

ಹಾಗಾಗಿ, ಕಚೇರಿಯವರು ಇನ್ನೂ ಹುಡುಕುತ್ತಿದ್ದಾರೆ ಎಂದು ಅತ್ತೆಗೆ ಹೇಳಿದೆ. ಅವರು 'ಹೂಂ' ಎಂದರು. ಮರುದಿನ ಊಟಕ್ಕೆ ಕುಳಿತಾಗಲೂ ಏನೂ ಕೇಳಲಿಲ್ಲ. ಅದರ ಮರುದಿನ, ಹೆಂಡತಿ ಶಾಲೆಗೆ ಹೋದ ಮೇಲೆ, ನಾನು ಶೂಸಿಗೆ ದಾರ ಕಟ್ಟಿಕೊಳ್ಳುತ್ತಿದ್ದಾಗ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು.

"ಅಳಿಯಂದ್ರೇ, ನೀವು ಬಚ್ಚಿಡೋದು ನಿಮ್ಮ ಲಿಫ್ಟ್ ಇದ್ದ ಹಾಗೆ. ಬಾಗಿಲು ಮುಚ್ಚಿದ್ರೂ ಎಷ್ಟನೇ ಮಹಡೀಲಿ ನಿಂತಿದೆ ಅಂತ ಹೊರಗೆ ದೀಪ ಉರೀತಿರುತ್ತೆ. ಹೇಳಿ."

ಹೇಳಿದೆ. ಬೇರೆ ದಾರಿ ಇರಲಿಲ್ಲ. ಬಡಗಿ, ಸೇತುವೆ, ಶಾಲೆಯ ಆಸ್ಪತ್ರೆ, ಜ್ವರ. ಅತ್ತೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಖದಲ್ಲಿ ಏನೂ ಕದಲಲಿಲ್ಲ. ನನಗೆ ಶೂಸಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟುವುದೊಂದೇ ಕೆಲಸವಾಯಿತು.

"ಜ್ವರಾನಾ?" ಎಂದರು ಕೊನೆಗೆ. "ಸದ್ಯ."

ನಾನು ತಲೆಯೆತ್ತಿದೆ.

"ಎಲ್ಲೋ ಕೆಸರಲ್ಲಿ ಒಬ್ಬರೇ ಬಿದ್ದಿದ್ರು ಅಂತಲೇ ನನ್ನ ಕಣ್ಣಿಗೆ ಬರೋದು. ಚಿಕ್ಕಂದಿನಿಂದ ಹಾಗೇ. ಯಾರೂ ಹಾಗಂತ ಹೇಳಿರಲಿಲ್ಲ, ಆದ್ರೂ ಹಾಗೇ. ಆಸ್ಪತ್ರೆ ಅಂದ್ರೆ ಮಂಚ ಇರುತ್ತೆ. ಮೇಲೆ ಸೂರಿರುತ್ತೆ." ನನ್ನ ಕಡೆ ಬಾಗಿ ಕೇಳಿದರು: "ಪಕ್ಕದಲ್ಲಿ ಯಾರಾದ್ರೂ ಇದ್ರಂತಾ?"

"ಅದನ್ನೆಲ್ಲ ಬರೆದಿಡಲ್ಲ ಅತ್ತೆ."

"ಬರೆಯಲ್ಲ, ನಿಜ" ಎಂದು ಎದ್ದರು. "ನೀವು ಕೆಲಸಕ್ಕೆ ಹೊರಡಿ. ಯಾರೋ ಲಿಫ್ಟಲ್ಲಿ ಸಿಕ್ಕಿಕೊಂಡಿರ್ತಾರೆ."

ಅಂದು ದಿನವಿಡೀ ನನ್ನ ತಲೆಯಲ್ಲಿ ಅದೊಂದೇ ಪ್ರಶ್ನೆ. ಹೇಗೆ ಸತ್ತರು ಎನ್ನುವುದು ಡಾಕ್ಟರರ ಪ್ರಶ್ನೆಯಾಗಿತ್ತು. ಅತ್ತೆಯದು ಇದು.

ಹಳೆಯ ಸೈನಿಕರ ಮನೆಯವರು ಸೇರಿ ತರುವ ಚಿಕ್ಕ ಮಾಸಪತ್ರಿಕೆಯೊಂದಿತ್ತು. ಆ ಗುಮಾಸ್ತೆಗೇ ಫೋನ್ ಮಾಡಿ ವಿಳಾಸ ಕೇಳಿದೆ. ಫೋಟೋದ ಪ್ರತಿ ತೆಗೆಸಿ, ಕೆಳಗೆ ನಾಲ್ಕು ಸಾಲು ಬರೆದು ಕಳಿಸಿದೆವು: ಇವರು ಸೇತುವೆ ದಳದ ಬಡಗಿ, ಜ್ವರದಿಂದ ತೀರಿಕೊಂಡವರು, ಇವರ ಬಗ್ಗೆ ನಿಮ್ಮ ಮನೆಯಲ್ಲಿ ಯಾರಾದರೂ ಮಾತಾಡಿದ್ದು ನೆನಪಿದ್ದರೆ ಇವರ ಮಗಳಿಗೆ ತಿಳಿಸಿ, ಫೋನ್ ನಂಬರ್ ಕೆಳಗಿದೆ. ಅಚ್ಚಾಗಿ ಬಂದಾಗ ಫೋಟೋ ಮಸಿ ಮೆತ್ತಿದಂತಿತ್ತು. ಟೋಪಿಯ ಕೆಳಗೆ ಮುಖವೇ ಇರಲಿಲ್ಲ. ಅತ್ತೆ ಅದನ್ನು ನೋಡಿ, "ಈಗ ಕೋಪ ಸ್ವಲ್ಪ ಕಡಿಮೆ ಕಾಣುತ್ತೆ" ಎಂದರು.

ಆ ತಿಂಗಳು ಯಾರೂ ಬರೆಯಲಿಲ್ಲ. ಮುಂದಿನ ತಿಂಗಳೂ ಇಲ್ಲ. ಅತ್ತೆ ಕೇಳುವುದನ್ನು ಬಿಟ್ಟರು. ಆದರೆ ಅಂಚೆಯವನು ಬಂದ ಸದ್ದಾದರೆ ಅವರ ಕೋಣೆಯ ರೇಡಿಯೋ ಮೆಲ್ಲಗಾಗುತ್ತಿತ್ತು.

ಆ ಫೋನು ಬಂದಾಗ ನಾನೊಂದು ಹಳೇ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದೆ. ಆ ಕಡೆ ವಯಸ್ಸಾದ ಹೆಂಗಸಿನ ದನಿ. ಹಿಂದೆ ಯಾವುದೋ ಯಂತ್ರ ಗಡಗಡ ಎನ್ನುತ್ತಿತ್ತು.

"ಪತ್ರಿಕೇಲಿ ಫೋಟೋ ಹಾಕಿಸಿದ್ದು ನೀವೇನಾ? ಅದರಲ್ಲಿ ಟೋಪಿ ಎಡಗಡೆಗೆ ವಾಲಿದೆ ಅಲ್ವಾ? ಅಚ್ಚು ಸರಿಯಿಲ್ಲ, ಗೊತ್ತಾಗ್ತಿಲ್ಲ."

"ಹೌದಮ್ಮ. ಎಡಗಡೆಗೇ."

ಆಕೆ ಯಂತ್ರದ ಸದ್ದಿನ ಮೇಲೆ ದನಿ ಎತ್ತಿ ಹೇಳಿದರು: "ನಮ್ಮಪ್ಪ ಆ ದಳದಲ್ಲಿ ಅಡುಗೆಯವರಾಗಿದ್ರು. ನಮ್ಮದೊಂದು ಲಾಂಡ್ರಿ ಇದೆ. ಅವರ ಮಗಳಿದ್ದಾರೆ ಅಂದ್ರಲ್ಲ, ಕರಕೊಂಡು ಬನ್ನಿ. ಇದು ಫೋನಲ್ಲಿ ಮುಗಿಯೋ ಮಾತಲ್ಲ."

ಗ್ರೀಸ್ ಕೈಯಲ್ಲೇ ವಿಳಾಸ ಬರೆದುಕೊಂಡೆ.

ಅವರ ಊರಿಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಹೆಂಡತಿಗೆ ಪರೀಕ್ಷೆಯ ಕೆಲಸವಿತ್ತು. ಅತ್ತೆ ಮತ್ತು ನಾನು ಇಬ್ಬರೇ ಹೊರಟೆವು. ಫೋಟೋವನ್ನು ಗೋಡೆಯಿಂದ ಇಳಿಸಿ, ಮತ್ತೆ ಅದೇ ಟವೆಲ್ಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದರು. ಎದುರಿನ ಸೀಟಿನ ಹೆಂಗಸು, "ಕನ್ನಡಿನಾ?" ಎಂದು ಕೇಳಿದರು. "ಅಲ್ಲ, ಅಪ್ಪ" ಎಂದರು ಅತ್ತೆ.

ಲಾಂಡ್ರಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಒಳಗೆ ಹೋದ ಕೂಡಲೇ ಬಿಸಿ ಹಬೆ, ಗಂಜಿ ಹಾಕಿದ ಬಟ್ಟೆಯ ವಾಸನೆ. ಚಾವಣಿಯ ಸರಳಿಗೆ ಚೀಟಿ ಹಚ್ಚಿದ ಕೋಟು, ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಕೌಂಟರಿನ ಮುಂದೆ ದಪ್ಪಗಿನ ಮನುಷ್ಯರೊಬ್ಬರು ಅಂಗೈಯಗಲದ ಸ್ವೆಟರೊಂದನ್ನು ಹಿಡಿದು ಕೂಗಾಡುತ್ತಿದ್ದರು. "ಕೊಟ್ಟಾಗ ಇದು ನನ್ನ ಸ್ವೆಟರಾಗಿತ್ತು. ಈಗ ನನ್ನ ಬೆಕ್ಕಿಗೂ ಆಗಲ್ಲ. ಏನು ಹೇಳ್ತೀರಿ ಇದಕ್ಕೆ?"

ತೋಳು ಮಡಿಸಿಕೊಂಡಿದ್ದ ನಡುವಯಸ್ಸಿನ ಹೆಂಗಸು ಅವರ ಮುಂದೆ ಒಂದು ಲೋಟ ಇಟ್ಟರು. "ಮೊದಲು ಟೀ, ಆಮೇಲೆ ಯುದ್ಧ."

"ನನಗೆ ಟೀ ಬೇಡ."

"ಯುದ್ಧ ಎಲ್ಲೂ ಹೋಗಲ್ಲ ಸಾರ್. ಟೀ ಆರಿಹೋಗುತ್ತೆ."

ಆತ ಗೊಣಗುತ್ತಲೇ ಲೋಟ ಎತ್ತಿಕೊಂಡರು. ಎರಡು ಗುಟುಕು ಹೋಗುವಷ್ಟರಲ್ಲಿ ದನಿ ಅರ್ಧಕ್ಕಿಳಿದಿತ್ತು. ಅತ್ತೆ ನನ್ನ ಕಡೆ ವಾಲಿ, "ಬುದ್ಧಿವಂತೆ. ಎಕ್ಸ್‌ಚೇಂಜಲ್ಲಿ ಇರಬೇಕಾಗಿತ್ತು" ಎಂದು ಪಿಸುಗುಟ್ಟಿದರು.

ನಾವು ಯಾರೆಂದು ಹೇಳಿದ ಕೂಡಲೇ ಆಕೆ ಸ್ವೆಟರಿನವರನ್ನು ಅಲ್ಲೇ ಬಿಟ್ಟು, "ಅಮ್ಮಾ, ಬಂದ್ರು" ಎಂದು ಒಳಗೆ ಹೋದರು. ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜಿನ ಪಕ್ಕ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಫೋನಿನ ದನಿಯವರು ಕುಳಿತಿದ್ದರು. ಅತ್ತೆಗಿಂತ ನಾಲ್ಕಾರು ವರ್ಷ ಚಿಕ್ಕವರಿರಬಹುದು. ಏಳಲು ಹೋದವರನ್ನು ಅತ್ತೆ ಭುಜ ಹಿಡಿದು ಕೂರಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತೆ ಟವೆಲ್ಲು ಬಿಚ್ಚಿ ಫೋಟೋವನ್ನು ಇಸ್ತ್ರಿ ಮೇಜಿನ ಮೇಲಿಟ್ಟರು.

ಲಾಂಡ್ರಿಯಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ನಗುತ್ತಿದ್ದರು.

"ಕ್ಷಮಿಸಿ ಅಕ್ಕಾ. ಮುಖ ನಾನು ಕಂಡವಳಲ್ಲ. ಈ ಟೋಪಿ ಕತೆ ಮಾತ್ರ ಬಾಯಿಪಾಠ. ಇವರ ಹೆಸರು ಕೂಡ ನಮಗೆ ಗೊತ್ತಿರಲಿಲ್ಲ. ನಮ್ಮನೇಲಿ ಇವರು ಮೊರ."

"ಏನು?"

"ಮೊರ. ಎಡಗಿವಿ ಮೊರದಷ್ಟಗಲ ಇತ್ತಂತೆ, ಹೊರಗೆ ಚಾಚಿಕೊಂಡು. ದಳದಲ್ಲಿ ಎಲ್ಲರೂ ಮೊರ ಅಂತಲೇ ಕರೀತಿದ್ರು. ನಮ್ಮಪ್ಪ ಸೌಟು. ಫೋಟೋ ತೆಗೆಯೋನು ಬಂದಾಗ ಇವರು, ಹೆಂಡತಿಗೆ ಕಳಿಸಬೇಕು, ಈ ಕಿವಿ ಕಾಣಬಾರದು ಅಂತ ಟೋಪಿ ಎಳೆದು ಕಿವಿ ಮೇಲೆ ಕೂರಿಸಿದ್ರಂತೆ. ಆ ಕಿವಿ ಮೇಲೆ ಟೋಪಿ ನಿಲ್ಲಬೇಕಲ್ಲ? ಸ್ವಲ್ಪ ಅಲ್ಲಾಡಿದ್ರೂ ಜಾರುತ್ತೆ. ನಮ್ಮಪ್ಪ ಕ್ಯಾಮೆರಾದ ಹಿಂದೆ ನಿಂತುಕೊಂಡು ಸೌಟನ್ನ ಕಿವಿಗಿಟ್ಟು ಅಣಕಿಸ್ತಿದ್ರಂತೆ. ಇವರು ನಕ್ಕರೆ ಟೋಪಿ ಬೀಳುತ್ತೆ, ಉಸಿರು ಬಿಟ್ಟರೆ ನಗು ಬರುತ್ತೆ. ಅದಕ್ಕೇ ನೋಡಿ, ದವಡೆ ಹೀಗೆ ಬಿಗಿ ಹಿಡಿದಿದಾರೆ. ಅವನು ಪಟ ತೆಗೆದ ಮರುಗಳಿಗೆ ಟೋಪಿ ಒಂದು ಕಡೆ, ಇವರು ಒಂದು ಕಡೆ ಬಿದ್ದು ಹೊರಳಾಡಿದ್ರಂತೆ."

ಅತ್ತೆ ಫೋಟೋವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಇದು ಕೋಪ ಅಲ್ವಾ?"

"ಕೋಪಾನಾ? ನಗು ಅಕ್ಕಾ. ತಡಕೊಂಡಿರೋದು."

ನಾನೂ ಬಗ್ಗಿ ನೋಡಿದೆ. ವರ್ಷಗಳಿಂದ ನಮ್ಮ ಮನೆಯ ಗೋಡೆಯ ಮೇಲಿದ್ದ ಮುಖ. ಕೆನ್ನೆ ಸ್ವಲ್ಪ ಉಬ್ಬಿತ್ತು. ಕಣ್ಣ ಕೆಳಗೆ ಸಣ್ಣ ಗೆರೆ. ಕ್ಯಾಮೆರಾವನ್ನಲ್ಲ, ಅದರ ಹಿಂದೆ ಯಾರನ್ನೋ ನೋಡುತ್ತಿರುವ ಕಣ್ಣು. ಈಗ ಹೇಗೆ ನೋಡಿದರೂ ಆ ಮುಖ ಇನ್ನೇನು ಸಿಡಿಯುವಂತೆ ಕಾಣುತ್ತಿತ್ತು.

"ಅಯ್ಯೋ, ನಾನು ಬೆನ್ನು ಹಾಕಿ ಕೂತು ಊಟ ಮಾಡಿದ್ನಲ್ಲ" ಎಂದರು ಅತ್ತೆ, ಯಾರಿಗೂ ಅಲ್ಲ ಎನ್ನುವಂತೆ.

ಲಾಂಡ್ರಿಯಮ್ಮನ ಮಗಳು ಟೀ ತಂದಿಟ್ಟರು. "ಹೊರಗೆ ನೀವು ಕೇಳಿಸಿಕೊಂಡ್ರಲ್ಲ, ಮೊದಲು ಟೀ ಆಮೇಲೆ ಯುದ್ಧ, ಅದು ನಿಮ್ಮಪ್ಪನದೇ ಮಾತು" ಎಂದರು. ದಳದ ಸಾಹೇಬರು ಬೆಳಗಿನ ಚಳಿಯಲ್ಲಿ ಬಂದು, ಸೇತುವೆ ಎಲ್ಲಿ, ಶತ್ರು ಆಚೆ ದಡಕ್ಕೆ ಬಂದಾಯಿತು ಎಂದು ಕಿರುಚಿದಾಗ, ಹಲಗೆಯ ಮೇಲೆ ಕುಳಿತಿದ್ದ ಬಡಗಿ ಲೋಟ ಎತ್ತಿ ಹಿಡಿದು ಹಾಗೆಂದರಂತೆ. ಸಾಹೇಬರು ಶಿಕ್ಷೆ ಕೊಡುತ್ತಾರೆಂದು ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರೆ, ಅವರು ನಿಂತಲ್ಲೇ ಒಂದು ಲೋಟ ಇಸಿದುಕೊಂಡು ಕುಡಿದರಂತೆ. ಸೇತುವೆ ಹೊತ್ತಿಗೆ ಸರಿಯಾಗಿಯೇ ಮುಗಿಯಿತು. ಅಡುಗೆಯವರು ಯುದ್ಧದಿಂದ ಆ ಮಾತನ್ನು ಮನೆಗೆ ತಂದರು. ಅವರ ಮನೆಯಲ್ಲಿ ಅತ್ತೆ-ಸೊಸೆ ಜಗಳವಾದರೂ ಅದೇ, ಮಕ್ಕಳು ಹೊಡೆದಾಡಿದರೂ ಅದೇ, ಗಿರಾಕಿ ಬಂದು ಕೂಗಾಡಿದರೂ ಅದೇ. "ನನ್ನ ಮಗ ಮಾತು ಕಲಿತಾಗ ಮೊದಲು ಹೇಳಿದ್ದು 'ಮೊದ್ಲು ಟೀ' ಅಂತ" ಎಂದರು ಆಕೆ.

ಅತ್ತೆ ಟೀ ಕುಡಿದರು. ಲೋಟ ಕೆಳಗಿಟ್ಟು, ಎಕ್ಸ್‌ಚೇಂಜಿನ ನೆಟ್ಟಗಿನ ದನಿಯಲ್ಲಿ ಕೇಳಿದರು: "ಆ ಜ್ವರದ್ದು ಹೇಳಿ."

ಲಾಂಡ್ರಿಯಮ್ಮ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿ ಸರಿಯಾಗಿ ಕುಳಿತರು. "ಮಳೆಗಾಲದಲ್ಲಿ ಹೊಳೆಯೊಳಗೆ ನಿಂತು ಕಂಬ ಹೂತಿದ್ರಂತೆ. ಅಲ್ಲಿಂದ ಹಿಡಿದ ಜ್ವರ ಬಿಡಲಿಲ್ಲ. ನಮ್ಮಪ್ಪ ಅಡುಗೆ ಮುಗಿಸಿ ದಿನಾ ಹೋಗಿ ಕೂರ್ತಿದ್ರು, ಏನಾದ್ರೂ ಬಿಸಿಯಾಗಿ ಕುಡಿಸೋಕೆ. ಅಲ್ಲಿದ್ದಾಗಲೇ ಮನೆಯಿಂದ ಕಾಗದ ಬಂತು, ಹೆಣ್ಣು ಮಗು ಆಗಿದೆ ಅಂತ. ಓದಿ ಹೇಳಿದವರು ನಮ್ಮಪ್ಪನೇ. ಇವರು ಇನ್ನೊಂದು ಸಲ ಓದು ಅಂದ್ರಂತೆ. ಮತ್ತೆ ಇನ್ನೊಂದು ಸಲ. ಆಮೇಲೆ ಹೇಳಿದ್ರಂತೆ, 'ಎಲ್ಲ ಬರೆದಿದ್ದಾಳೆ ಕಣೋ ಸೌಟು. ತೂಕ ಬರೆದಿದ್ದಾಳೆ, ಬಣ್ಣ ಬರೆದಿದ್ದಾಳೆ. ಕಿವಿ ಹೇಗಿದೆ ಅಂತ ಮಾತ್ರ ಬರೆದಿಲ್ಲ ನೋಡು. ಬೇಕು ಅಂತಲೇ ಬರೆದಿಲ್ಲ.' ಅಷ್ಟು ಜ್ವರದಲ್ಲೂ ಅದೇ ಚಿಂತೆ. ಪಾಪ, ಹೆಣ್ಣು ಮಗು, ಕಿವಿ ನನ್ನ ಥರ ಆಗದೇ ಇದ್ರೆ ಸಾಕು ಅಂತ."

ಅತ್ತೆ ಕೈಯೆತ್ತಿ ತಲೆಯ ಎಡಬದಿಯ ಪಿನ್ನು ತೆಗೆದರು. ಇನ್ನೊಂದು ಪಿನ್ನು. ಕೂದಲನ್ನು ಹಿಂದಕ್ಕೆ ಸರಿಸಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ ಮಾಡಿದ ನಾನು ಆ ಕಿವಿಯನ್ನು ನೋಡಿದ್ದು ಆಗಲೇ. ಅಗಲವಾಗಿ, ತೆಳ್ಳಗೆ, ತಲೆಯಿಂದ ಹೊರಗೆ ಚಾಚಿಕೊಂಡು, ಕಿಟಕಿಯ ಬೆಳಕಿಗೆ ಅಂಚೆಲ್ಲ ಕೆಂಪಾಗಿ ಕಾಣುತ್ತಿತ್ತು.

ಲಾಂಡ್ರಿಯಮ್ಮ ಮುಂದೆ ಬಾಗಿ, ಸುಕ್ಕುಗಟ್ಟಿದ ಬೆರಳಿನಿಂದ ಆ ಕಿವಿಯ ಅಂಚನ್ನು ಮೆಲ್ಲಗೆ ಮುಟ್ಟಿದರು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ.

"ಮೊರಾನೇ" ಎಂದರು.

ಇಬ್ಬರೂ ನಕ್ಕರು. ನಗುತ್ತಾ ನಗುತ್ತಾ ಅತ್ತೆಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದರು. ಅಷ್ಟೊಂದು ಬಟ್ಟೆಯ ನಡುವೆ ಕುಳಿತಿದ್ದರೂ ಯಾರ ಕೈಗೂ ಒಂದು ತುಂಡು ಸಿಗಲಿಲ್ಲ. ನಾನು ನನ್ನದನ್ನು ಕೊಟ್ಟೆ. "ಗ್ರೀಸ್ ವಾಸನೆ" ಎಂದು ಗೊಣಗಿ ಅದರಲ್ಲೇ ಒರೆಸಿಕೊಂಡರು.

"ಕೊನೇಲಿ?" ಎಂದು ಕೇಳಿದರು ಆಮೇಲೆ. "ಪಕ್ಕದಲ್ಲಿ ಯಾರಿದ್ರು?"

ಲಾಂಡ್ರಿಯಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಮ್ಮಪ್ಪ ಇದ್ರು. ಆದ್ರೆ ಅಕ್ಕಾ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಅವರು ಕೈ ಹಿಡಕೊಂಡು ಕೂತಿದ್ದವರು ಹಾಗೇ ನಿದ್ದೆ ಹೋಗಿಬಿಟ್ರಂತೆ. ದಿನವೆಲ್ಲ ಒಲೆ ಮುಂದೆ ನಿಂತವರು. ಎಚ್ಚರಾದಾಗ ಹಿಡ್ಕೊಂಡಿದ್ದ ಕೈ ತಣ್ಣಗಾಗಿತ್ತು. ಏನಾದ್ರೂ ಹೇಳಿದ್ರೋ, ನೀರು ಕೇಳಿದ್ರೋ, ಗೊತ್ತಿಲ್ಲ. ನಾನು ಮಲಗಿಬಿಟ್ಟೆ, ನಾನು ಮಲಗಿಬಿಟ್ಟೆ ಅಂತ ಮುದುಕರಾದ ಮೇಲೂ ಅಳ್ತಿದ್ರು. ಯುದ್ಧ ಮುಗಿಸಿ ಬಂದವರು ಮತ್ತೆ ಸೌಟು ಮುಟ್ಟಲಿಲ್ಲ. ಈ ಲಾಂಡ್ರಿ ಹಾಕಿದ್ದೇ ಹಾಗೆ."

ಹೊರಗೆ ಯಂತ್ರ ನಿಂತಿತು. ಯಾರೋ ಮುಚ್ಚಳ ತೆಗೆದು ಒದ್ದೆ ಬಟ್ಟೆ ಎತ್ತಿ ಹಾಕುತ್ತಿದ್ದ ಸದ್ದು.

"ಕೈ ಬಿಟ್ಟಿರಲಿಲ್ಲ ತಾನೇ?" ಎಂದರು ಅತ್ತೆ.

"ಇಲ್ಲ. ನಿದ್ದೇಲೂ ಬಿಟ್ಟಿರಲಿಲ್ಲವಂತೆ."

"ಮತ್ತಿನ್ನೇನು? ಅಷ್ಟು ಸಾಕು. ಮಲಗಿದ್ದಕ್ಕೆ ಅಳಬೇಕಾಗಿರಲಿಲ್ಲ ಅವರು. ನನ್ನ ಹತ್ತಿರ ಬಂದು ಹೇಳಿದ್ರೆ ಆಗಲೇ ಹೇಳಿಬಿಡ್ತಿದ್ದೆ" ಎಂದರು.

"ಬಂದಿದ್ರು ಅಕ್ಕಾ."

ಅತ್ತೆ ನನ್ನ ಕಡೆ ನೋಡಿದರು, ಲಾಂಡ್ರಿಯಮ್ಮನ ಕಡೆ ನೋಡಿದರು.

"ಯುದ್ಧ ಮುಗಿದು ಎರಡು ಮೂರು ವರ್ಷಕ್ಕೆ ಹುಡುಕಿಕೊಂಡು ನಿಮ್ಮ ಬೀದಿಯವರೆಗೂ ಬಂದಿದ್ರು. ಮೂಲೆಯ ಅಂಗಡೀಲಿ ನಿಮ್ಮಮ್ಮನ ಬಗ್ಗೆ ವಿಚಾರಿಸಿದಾಗ, ಅವಳಿಗೆ ಮತ್ತೆ ಮದುವೆ ಆಗಿದೆ ಅಂದ್ರಂತೆ. ನೋಡಿದ್ರೆ, ದಪ್ಪ ಮೀಸೆಯವರೊಬ್ಬರು ಮಗುನ ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲ ಮುಂದೆ ಕುಣಿಸ್ತಿದ್ರಂತೆ. ಮಗು ಅವರ ಕೂದಲು ಹಿಡಕೊಂಡು ಕಿಲಕಿಲ ನಗ್ತಿತ್ತಂತೆ. ನಗೋ ಮಗುನ ಹೋಗಿ ಯಾಕೆ ಅಳಿಸಲಿ ಅಂತ ಅಲ್ಲಿಂದಲೇ ವಾಪಸು ಬಂದುಬಿಟ್ರು. ಕಿವಿ ನೋಡೋಣ ಅಂತ ಕತ್ತು ಉದ್ದ ಮಾಡಿದ್ರಂತೆ. ಉಣ್ಣೆ ಟೋಪಿ ಹಾಕಿದ್ರು, ಕಾಣಲಿಲ್ಲ ಅಂತಿದ್ರು."

"ಅದು ನಮ್ಮಪ್ಪ" ಎಂದರು ಅತ್ತೆ. ಅವರ ಮುಖವೆಲ್ಲ ಅರಳಿತ್ತು. "ಮೀಸೆಯವರು. ಗಡಿಯಾರ ರಿಪೇರಿ ಮಾಡ್ತಿದ್ರು. ದಿನಾ ಸಂಜೆ ಹಾಗೇ ಕುಣಿಸ್ತಿದ್ರು ನನ್ನ." ಮತ್ತೆ ಅಲ್ಲಿಂದ ಗಡಿಯಾರದ ಅಪ್ಪನ ಕತೆ ಶುರುವಾಯಿತು. ಲಾಂಡ್ರಿಯಮ್ಮನದೂ ಶುರುವಾಯಿತು. ಸತ್ತುಹೋದ ಮೂವರು ಗಂಡಸರು ಆ ಹಬೆಯ ಕೋಣೆಯಲ್ಲಿ ಸಂಜೆಯವರೆಗೂ ಓಡಾಡಿಕೊಂಡಿದ್ದರು. ರೈಲಿಗೆ ಹೊತ್ತಾಯಿತೆಂದು ನಾನು ಬಾಗಿಲಿಗೆ ಬಂದು ಕೆಮ್ಮಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಹೊರಗೆ ಕೌಂಟರಿನ ಹತ್ತಿರ ಕುಳಿತು, ಆ ಮಗಳ ಜೊತೆ ಒಣಗಿದ ಬಟ್ಟೆಗಳಿಗೆ ಚೀಟಿ ಹಚ್ಚಿದೆ. ಆ ರೈಲು ಹೋಯಿತು. ಅದರ ಮುಂದಿನದರಲ್ಲಿ ಹೊರಟೆವು.

ಅವರನ್ನು ಮಣ್ಣು ಮಾಡಿದ ಊರಿನಲ್ಲಿ ಈಗ ಎಲ್ಲರ ಹೆಸರು ಕೆತ್ತಿದ ಕಲ್ಲೊಂದಿದೆಯೆಂದು ಗುಮಾಸ್ತೆ ಹೇಳಿದ್ದರು. ಹೋಗೋಣವೇ ಎಂದು ರೈಲಿನಲ್ಲಿ ಕೇಳಿದೆ. "ಹೋಗೋಣ, ಬಿಸಿಲು ಇಳೀಲಿ" ಎಂದರು ಅತ್ತೆ. ಆ ವರ್ಷದ ಬಿಸಿಲಿಳಿದ ಮೇಲೆ ಹೋಗಿಯೂ ಬಂದೆವು, ಹೆಂಡತಿಯೂ ಜೊತೆಗೆ. ಹೆಸರು ತೀರಾ ಕೆಳಗಿನ ಸಾಲಿನಲ್ಲಿತ್ತು. ಅತ್ತೆ ಬಗ್ಗಿ ಕೈಯಿಂದ ಸವರಿ, "ಮೊರ ಅಂತ ಬರೆದಿದ್ರೆ ನಾಲ್ಕು ಜನಕ್ಕೆ ಗೊತ್ತಾಗ್ತಿತ್ತು" ಎಂದು ಸೊಂಟ ಹಿಡಿದುಕೊಂಡು ಎದ್ದರು. ಪಕ್ಕದ ಬೆಂಚಿನಲ್ಲಿ ಕುಳಿತು ತಂದಿದ್ದ ಬ್ರೆಡ್ಡು ತಿಂದೆವು.

ಲಾಂಡ್ರಿಯಮ್ಮ ಮತ್ತು ಅತ್ತೆ ಈಗ ಭಾನುವಾರಗಳಂದು ಫೋನಿನಲ್ಲಿ ಮಾತಾಡುತ್ತಾರೆ. ಶುರುವಿನಲ್ಲಿ ಸೇತುವೆ, ಹೊಳೆ, ಸೌಟು, ಕಿವಿ. ಬರಬರುತ್ತ ಮಂಡಿ ನೋವು, ನಿದ್ದೆ ಮಾತ್ರೆ, ಹೆಣ್ಣುಮಕ್ಕಳ ಮೇಲಿನ ದೂರು. ನನ್ನ ಮೇಲೆ ದೂರಿರುತ್ತದೆಯೇ ಎಂದು ಬಾಗಿಲಿಗೆ ಕಿವಿಯಿಟ್ಟಿದ್ದೇನೆ, ಇಲ್ಲಿಯವರೆಗೆ ಕೇಳಿಸಿಲ್ಲ. ಒಮ್ಮೆ ಉಣ್ಣೆಯ ಮೇಲಿನ ಕಲೆ ತೆಗೆಯುವ ವಿಷಯದಲ್ಲಿ ಇಬ್ಬರಿಗೂ ಜಗಳವಾಗಿ, ಎರಡು ವಾರ ಮಾತು ಬಿಟ್ಟಿದ್ದರು. ಆ ಎರಡು ವಾರ ಮನೆಯಲ್ಲಿ ಯಾರ ಅಡುಗೆಯೂ ಅತ್ತೆಗೆ ರುಚಿಸಲಿಲ್ಲ. ಮೂರನೆಯ ಭಾನುವಾರ ಅವರೇ ಫೋನ್ ಮಾಡಿದರು. ಕಲೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಳೆದ ವಾರ ಮಾತು ಮುಗಿಸಿ ಹೊರಗೆ ಬಂದ ಅತ್ತೆ, "ಬರೋ ತಿಂಗಳು ತಂಗಿ ನಮ್ಮಲ್ಲಿಗೆ ಬರ್ತಾಳೆ. ನಾಲ್ಕು ದಿನ ಇರ್ತಾಳೆ. ಅವಳಿಗೆ ಕಿಟಕಿ ಪಕ್ಕ ಬೇಕಂತೆ, ನನ್ನ ಮಂಚ ಸ್ವಲ್ಪ ಆ ಕಡೆ ಸರಿಸಿಕೊಡ್ತೀರಾ?" ಎಂದರು.

ಇನ್ನೂ ತಿಂಗಳಿದೆಯಲ್ಲ ಎಂದಳು ಹೆಂಡತಿ. ಅತ್ತೆ ಆಗಲೇ ದಿಂಬು ಎತ್ತಿಕೊಂಡು ನಿಂತಿದ್ದರು. ನಾನು ಹೋಗಿ ಮಂಚ ಸರಿಸಿಕೊಟ್ಟೆ.